ಪಾರ್ಕಿನ ಆಲೆ ಮರವೂ ನನ್ನ ಬೆರಳಿನ ಗೆಣ್ಣೂ

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹಾಗಂತ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ಯಾವ ಮರವನ್ನೇ ತೋರಿಸಿ, ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಅದರೊಳಗೆ ಎಷ್ಟು ಬುಗುರಿ ಅಡಗಿವೆ ಎಂದು ಹೇಳಬಲ್ಲೆ. ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಲೇತಿನ ಮುಂದೆ ಕೂತು ಗೊಂಬೆ ಕಡೆದವನಿಗೆ ಇಷ್ಟೂ ಬಾರದಿದ್ದರೆ ಹೇಗೆ? ಈ ವಿದ್ಯೆಯೇ ನನ್ನನ್ನು ಗೇಟಿನಾಚೆ ನಿಲ್ಲಿಸುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಮರದ ಗೊಂಬೆಗಳಿವೆ, ಮರವಿಲ್ಲ. ಹಸಿರು ಅರಗು ಹಚ್ಚಿದ ಪುಟಾಣಿ ಮರಗಳನ್ನು ಊರೂರ ಮಕ್ಕಳಿಗೆ ಕಡೆದು ಕಳಿಸುವ ನಾವು, ಊಟದ ಹೊತ್ತಿಗೆ ಲೈಟು ಕಂಬದ ನೆರಳಿಗೆ ಕೂರುತ್ತೇವೆ. ಆ ನೆರಳಿನಲ್ಲಿ ಒಬ್ಬನಿಗೆ ಮಾತ್ರ ಜಾಗ, ಅವನೂ ತೆಳ್ಳಗಿರಬೇಕು. ನಮ್ಮ ಬೀದಿಯ ಹಿಂದಿರುವ ಹೊಸ ಬಡಾವಣೆಯಲ್ಲಿ ಒಂದು ಪಾರ್ಕಿದೆ. ಜಾಗ ಸರ್ಕಾರದ್ದು, ಬೀಗದ ಕೈ ಬಡಾವಣೆಯ ಸಂಘದ್ದು. ಅಲ್ಲಿಯವರು ಒಳಗೆ ಓಡಾಡುತ್ತಾರೆ, ನಾವು ಕಂಬಿಯ ಸಂದಿಯಿಂದ ನೋಡುತ್ತೇವೆ.

ನನ್ನ ಹೆಂಡತಿ ಜಯಮ್ಮನಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಲೇಬೇಕು ಎಂದರು ಡಾಕ್ಟರು. ಬೀದಿಯಲ್ಲಿ ನಡೆದಳು. ಎರಡನೇ ದಿನ ಸ್ಕೂಟರೊಂದು ಸವರಿಕೊಂಡು ಹೋಗಿ ಮೊಣಕೈ ತರಚಿತು, ಮೂರನೇ ದಿನ ಬಿಸಿಲಿಗೆ ತಲೆ ಸುತ್ತಿ ಕೂತುಬಿಟ್ಟಳು. "ಎಲ್ ನಡೀಲಿ ಯೋಳಿ, ನಿಮ್ ನೆತ್ತಿ ಮ್ಯಾಲಾ?" ಎಂದಳು. ನಾನು ಪಕ್ಕದ ಲೇತಿನ ನಜೀರನನ್ನು ಕರೆದುಕೊಂಡು ಸಂಘದ ಅಧ್ಯಕ್ಷರ ಮನೆಗೆ ಹೋದೆ.

"ಎಲ್ಲರನ್ನೂ ಬಿಟ್ಟರೆ ಮರಗಳಿಗೆ ರಕ್ಷಣೆ ಇರಲ್ಲಪ್ಪ" ಎಂದರು ಅಧ್ಯಕ್ಷರು.

"ನಾವೇನ್ ಮೇಕೆಗಳಾ ಸಾರ್, ಸೊಪ್ ಮೇಯಕ್ಕೆ?" ಎಂದ ನಜೀರ.

ನಾನು ಎದೆ ಸೆಟೆಸಿ, "ಮರದ ಬೆಲೆ ನಮಗಿಂತ ಯಾರಿಗ್ ಗೊತ್ತು ಸಾರ್? ಒಂದೆಲೆ ಉದುರಿದ್ರೂ ನಾನೇ ಜವಾಬ್ದಾರಿ" ಎಂದೆ. ನಾಲ್ಕು ಭಾನುವಾರ ಅಲೆದ ಮೇಲೆ, ಒಂದು ವಾರ ನೋಡೋಣ ಎಂದು ಒಪ್ಪಿದರು.

ಮೊದಲ ದಿನ ಇಡೀ ಬೀದಿ ಪಾರ್ಕಿಗೆ ಹೊರಟಿತು. ಜಯಮ್ಮ ಮಗಳ ಹಳೇ ಬೂಟು ಹಾಕಿಕೊಂಡು ನಡೆದಳು. ನಾನೂ ಗೆದ್ದವನ ಗತ್ತಿನಲ್ಲೇ ನಡೆಯುತ್ತಿದ್ದೆ, ಮೂಲೆಯಲ್ಲಿ ಆ ಆಲೆ ಮರ ಕಾಣುವವರೆಗೆ. ಆಲದ ಮರವಲ್ಲ, ಆಲೆ; ನಾವು ಗೊಂಬೆ ಮಾಡುವುದೇ ಇದರ ಬಿಳಿ ಮೆದು ಕಟ್ಟಿಗೆಯಲ್ಲಿ. ಅಕ್ಕಸಾಲಿಗನ ಕಣ್ಣು ಎದುರು ಬಂದವರ ಕುತ್ತಿಗೆಗೆ ಹೋಗುವ ಹಾಗೆ, ನನ್ನ ಕೈ ತಾನಾಗಿಯೇ ಬುಡಕ್ಕೆ ಹೋಯಿತು. ತಟ್ಟಿದೆ. ಕಿವಿ ಇಟ್ಟೆ. ತಬ್ಬಿ ಸುತ್ತಳತೆ ನೋಡಿದೆ.

"ಬುಡದಾಗೆ ಒಸಿ ಪೊಳ್ಳೈತೆ ಕಣ್ಲಾ ನಜೀರ. ಮ್ಯಾಗ್ಲಿಂದ ಆರ್ನೂರು ಬುಗುರಿಗೆ ಮೋಸ ಇಲ್ಲ."

"ಏಳ್ನೂರಣ್ಣ! ಆ ಕಡೆ ಕೊಂಬೆ ಲೆಕ್ಕಕ್ಕೇ ತಗೊಳ್ದಂಗೆ ಬುಟ್ಬುಟ್ಯಲ್ಲ!"

ಹಿಂದೆ ಯಾರೋ ಕೆಮ್ಮಿದರು. ನೋಡಿದರೆ ಅಧ್ಯಕ್ಷರು, ಜೊತೆಗೆ ವಾಚ್‌ಮನ್. "ಗರಗಸ ಎಲ್ ಮಡಗಿದ್ಯಪ್ಪ?" ಎಂದ ವಾಚ್‌ಮನ್.

ಕಡಿಯುವುದಕ್ಕಲ್ಲ, ಇದು ನಮ್ಮ ಕಸುಬಿನ ಚಾಳಿ ಎಂದು ವಿವರಿಸಿದೆ. ವಿವರಿಸಿದಷ್ಟೂ ಕಳ್ಳನ ಹಾಗೇ ಕೇಳಿಸುತ್ತಿತ್ತು. ಅಧ್ಯಕ್ಷರು ಎಲ್ಲರಿಗೂ ಗೇಟು ತೋರಿಸುವ ಹೊತ್ತಿಗೆ ಜಯಮ್ಮ ಬಂದಳು.

"ಸಾರ್, ನಮ್ಮೋರು ಮದ್ವೆಗ್ ಹೋದ್ರೂ ಚಪ್ಪರದ್ ಕಂಬ ತಟ್ತಾರೆ. ಒಂದೆಲೆಗೂ ನಾನೇ ಜವಾಬ್ದಾರಿ ಅಂದೋರು ಅವ್ರೇ ತಾನೇ? ಅವ್ರೊಬ್ರುನ್ನ ಆಚೆ ನಿಲ್ಸಿ. ಬೀದಿಯೋರ್ ಏನ್ ಮಾಡವ್ರೆ?"

ಅಧ್ಯಕ್ಷರಿಗೆ ನ್ಯಾಯ ಒಪ್ಪಿಗೆಯಾಯಿತು.

ಈಗ ನಮ್ಮ ಬೀದಿಯವರೆಲ್ಲ ಪಾರ್ಕಿನ ಒಳಗೆ. ಏಳುನೂರು ಎಂದ ನಜೀರನೂ ಒಳಗೆ, ಅವನು ಮರ ತಟ್ಟಲಿಲ್ಲವಂತೆ! ಜಯಮ್ಮನ ಸಕ್ಕರೆ ಇಳಿದಿದೆ. ಸುತ್ತಿಗೊಂದು ಸಲ ಕಂಬಿಯ ಹತ್ತಿರ ಬಂದು, "ಬ್ಯಾಸರ ಮಾಡ್ಕಬ್ಯಾಡಿ, ಇನ್ನೆಲ್ಡೇ ಸುತ್ತು" ಎನ್ನುತ್ತಾಳೆ. ನಾನು ಹೊರಗೆ ಮೋರಿ ಕಟ್ಟೆಯ ಮೇಲೆ ಕೂತಿರುತ್ತೇನೆ. ಆ ಆಲೆ ಮರದಲ್ಲಿ ನಾನು ಲೆಕ್ಕಕ್ಕೆ ಬಿಟ್ಟಿದ್ದ ಕೊಂಬೆಯೇ ಕಾಂಪೌಂಡು ದಾಟಿ ನನ್ನ ತಲೆಗೆ ನೆರಳಾಗಿದೆ. ಅದನ್ನು ನಾನು ತಟ್ಟಿಲ್ಲ, ಮುಟ್ಟಿಯೂ ಇಲ್ಲ. ಆದರೆ ದಿನಾ ಕೆಳಗೆ ಕೂತು ನೋಡಿದ ಮೇಲೆ ಒಪ್ಪಿಕೊಳ್ಳಲೇಬೇಕು: ನಜೀರ ಹೇಳಿದ್ದೇ ಸರಿ, ಏಳುನೂರು.