ಎರಡು ಪಟ್ಟಿಗಳ ನಡುವೆ ಕಳೆದುಹೋದ ಶರಣಮ್ಮ

ಅರ್ಧಂಬರ್ಧ ಗೊತ್ತಿರುವ ಕೆಲಸವನ್ನು ಪೂರ್ತಿ ಗೊತ್ತಿದ್ದವನಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಬೀದರ ಜಿಲ್ಲೆಯಲ್ಲಿ ಕಡಿಮೆ. ಔರಾದಿನ ಕಚೇರಿಯೊಂದರಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತ್ತು. ಸಾಹೇಬರು ನನ್ನ ಮುಂದೆ ಎರಡು ಪಟ್ಟಿ ಇಟ್ಟರು. ಒಂದು ರೇಷನ್ ಚೀಟಿಯವರದು, ಇನ್ನೊಂದು ಆ ಚಳಿಗಾಲದಲ್ಲಿ ನಮ್ಮ ಸಿಬ್ಬಂದಿ ಮನೆಮನೆ ಸುತ್ತಿ ಬರೆದುಕೊಂಡದ್ದು. "ಎರಡೂ ಕೂಡಿಸಿ ನೋಡ್ರಿ. ಎರಡರಾಗೂ ಇದ್ದವರು ಖರೇ ಮಂದಿ, ಉಳಿದವರು ಬೋಗಸ್" ಅಂದರು.

ಕಂಪ್ಯೂಟರಿನಲ್ಲಿ ಪಟ್ಟಿಗಳನ್ನು ಜಾಲಾಡುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಇದಕ್ಕೆಂದೇ ಇನ್ನರ್ ಜಾಯಿನ್ ಎಂಬುದಿದೆ. ಚೀಟಿಯ ನಂಬರು ಎರಡೂ ಕಡೆ ಹೊಂದಿದರೆ ಆ ಹೆಸರನ್ನು ತೋರಿಸುತ್ತದೆ. ಹೊಂದದಿದ್ದರೆ ತುಟಿ ಬಿಚ್ಚುವುದಿಲ್ಲ. ಚಹಾ ಆರುವುದರೊಳಗೆ ಪಟ್ಟಿ ಮುಗಿಸಿ ರೇಷನ್ ಅಂಗಡಿಗಳಿಗೆ ಕಳಿಸಿದೆ. ಸಂಜೆ ಮೈಲೂರಿನ ಮನೆಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೂ ಬಿಟ್ಟೆ.

ಮರುವಾರ ಡಾಬಕಾ ಹಳ್ಳಿಯ ಶರಣಮ್ಮ ಚೀಟಿ ಹಿಡಿದು ಬಂದರು. ಅಂಗಡಿಯವನು ಅಕ್ಕಿ ಕೊಟ್ಟಿರಲಿಲ್ಲ. "ಲಿಸ್ಟಿನಾಗ ನೀ ಇಲ್ಲ ಅಂತಾನ್ರಿ. ಇಲ್ಲಿ ನಿಂತಾಕಿ ಯಾರ್ರಿ ಮತ್ತ?"

"ನಮ್ಮವರು ಮನಿಗಿ ಬಂದಾಗ ಎಲ್ಲಿ ಹೋಗಿದ್ರಿ?" ಎಂದೆ.

"ಕಬ್ಬು ಕಡೀಲಾಕ ಮಹಾರಾಷ್ಟ್ರಕ್ಕ ಹೋಗಿದ್ದೆವ್ರಿ. ಮನಿಗಿ ಬೀಗ ಹಾಕಿದ್ರ ನಾವು ಸತ್ತಂಗೇನ್ರಿ?"

ಆಗ ಲೆಫ್ಟ್ ಜಾಯಿನ್ ಹಾಕಿದೆ. ಅದು ಚೀಟಿಯವರೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ಜೋಡಿ ಸಿಗದವರ ಮುಂದೆ ಖಾಲಿ ಜಾಗ ಬಿಡುತ್ತದೆ. ಪರದೆಯ ತುಂಬ ಖಾಲಿ ಜಾಗವೇ. ಅವರಲ್ಲಿ ಬಹಳಷ್ಟು ಜನ ಗುಳೆ ಹೋಗುವ ಗಡಿಹಳ್ಳಿಗಳವರು.

"ಬೋಗಸ್ ಅಂತ ಹೆಡ್ಡಿಂಗ್ ಹಾಕಿ ಕಳಸ್ರಿ" ಅಂದರು ಸಾಹೇಬರು.

"ಹಾಕಂಗಿಲ್ರಿ ಸಾಹೇಬ್ರ."

ಆ ಕಚೇರಿಯಲ್ಲಿ ನಾನು 'ಇಲ್ಲ' ಅಂದದ್ದು ಅದೇ ಮೊದಲು.

"ನಿಮಗ ಭಾಲ್ಕಿಗಿ ಟ್ರಾನ್ಸ್‌ಫರ್ ಹಾಕಸ್ತೇನಿ, ನೋಡ್ರಿ!"

"ಹಾಕಸ್ರಿ. ಅಲ್ಲೀನೂ ಮಂದಿ ಬೀಗ ಹಾಕಿ ದುಡಿಲಾಕ ಹೋಗ್ಯಾರ. ಅಲ್ಲೀನೂ ಇದೇ ಬರೀತೇನಿ."

'ಮನೆಗೆ ಬೀಗವಿತ್ತು, ಜನ ಇದ್ದಾರೆ, ಮತ್ತೊಮ್ಮೆ ನೋಡಬೇಕು' ಎಂದು ತಲೆಬರಹ ಹಾಕಿ ಕಾಗದ ಮುಂದಿಟ್ಟೆ. ಬಾಗಿಲಲ್ಲಿ ಶರಣಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ಸಹಿ ಆಗೋತನಾ ಏಳಂಗಿಲ್ರಿ" ಅಂದರು. ಸಾಹೇಬರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಪೆನ್ನು ಮುರಿಯುವಷ್ಟು ಒತ್ತಿ ಸಹಿ ಹಾಕಿದರು. ಸಿಬ್ಬಂದಿ ಮತ್ತೆ ಹಳ್ಳಿಗೆ ಹೋಗಿ ನೋಡಿ ಬಂದರು. ಹೆಸರು, ವಯಸ್ಸುಗಳನ್ನು ಒಂದೊಂದಾಗಿ ನಾನೇ ಟೈಪ್ ಮಾಡಿ ಮರಳಿ ಸೇರಿಸಿದೆ.

ತಿಂಗಳೊಳಗೆ ಶರಣಮ್ಮ ಮತ್ತೆ ಹಾಜರು. ಹೊಗಳಲು ಬಂದರೆಂದು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಇದ್ದೇನಿ ಅಂತ ಬರದ್ರಿ, ಛಲೋ ಆತು. ವಯಸ್ಸು ಮೂವತ್ತಾರು ಇದ್ದಾಕಿಗಿ ಅರವತ್ಮೂರು ಯಾಕ ಮಾಡೀರ್ರಿ?"

ಆ ತಪ್ಪನ್ನು ಹೊರಿಸಲು ಯಾವ ಜಾಯಿನ್ನೂ ಸಿಗಲಿಲ್ಲ. ಸಾಹೇಬರೆದುರು ಎದೆ ಸೆಟೆಸಿದ್ದ ನಾನು ತಲೆ ತಗ್ಗಿಸಿ ಅಂಕಿ ತಿದ್ದತೊಡಗಿದೆ.