ಅಕ್ಕನಿಗೆ ಯಾವ ಸಾಲು?

ಮನಸ್ಸಿನ ಡಾಕ್ಟರ ಕೋಣೆಯ ಬಾಗಿಲಲ್ಲಿ ಗುಮಾಸ್ತನಾಗಿ ಕೂತವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ಅಳುವುದಕ್ಕೆಂದು ಬಂದವರೇ ನಗಿಸಿ ಹೋಗುತ್ತಾರೆ. ನಾನು ಧಾರವಾಡದಿಂದ ಮುಂಬಯಿಗೆ ಹೋಗಿ, ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳ ಕೇಸ್ ಪೇಪರ್ ಬರೆಯುವ ಕೆಲಸಕ್ಕೆ ಸೇರಿದ್ದು ಐವತ್ತರ ದಶಕದಲ್ಲಿ. ಕನ್ನಡದ ರೋಗಿಗಳು ಬಂದರೆ ಅವರ ಮಾತನ್ನು ನಮ್ಮ ಪಾರ್ಸಿ ಡಾಕ್ಟರಿಗೆ ತಿಳಿಸುವುದೂ ನನ್ನದೇ ಕೆಲಸ. ಆ ದಿನಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಧಾರಾವಿಯಿಂದ ಬರುತ್ತಿದ್ದ ಒಬ್ಬ ಅಕ್ಕ. ಹುಟ್ಟಿದಾಗ ಮನೆಯವರು ಗಂಡು ಮಗು ಅಂದಿದ್ದರು. ಆಕೆ ಮಾತ್ರ ತನ್ನನ್ನು ಹೆಣ್ಣೆಂದೇ ತಿಳಿದು ಬೆಳೆದವಳು. ಬಿಜಾಪುರದ ಕಡೆಯ ಮನೆ ಬಿಟ್ಟು ಬಂದು, ಧಾರಾವಿಯಲ್ಲಿ ತನ್ನಂಥವರ ಜೊತೆ ಒಬ್ಬ ಹಿರಿಯ ಗುರುವಿನ ಆಸರೆಯಲ್ಲಿದ್ದಳು. ಮಗು ಹುಟ್ಟಿದ ಮನೆಗಳಿಗೆ ಹೋಗಿ ಹಾಡಿ ಹರಸುವುದು ಅವರ ಬದುಕು.

೧. ನಡಿಗೆ

ಅಕ್ಕ ಮೊದಲ ಸಲ ಬಂದ ದಿನ ನಮ್ಮ ಪ್ಯೂನ್ ಆಕೆಯನ್ನು ಗಂಡಸರ ಸಾಲಿನಲ್ಲಿ ನಿಲ್ಲಿಸಿದ. ಗಂಡಸರು ಗುಸುಗುಸು ಅಂದು ಪಕ್ಕಕ್ಕೆ ಸರಿದರು. ಆತ ಆಕೆಯನ್ನು ಹೆಂಗಸರ ಸಾಲಿಗೆ ಕರೆದೊಯ್ದ. ಅಲ್ಲಿ ಒಬ್ಬ ಅಜ್ಜಿ ತಕರಾರು ತೆಗೆದಳು. ಮತ್ತೆ ಗಂಡಸರ ಸಾಲು, ಮತ್ತೆ ಹೆಂಗಸರ ಸಾಲು. ಹೀಗೆ ಮಧ್ಯಾಹ್ನವಾಯಿತು. ಚಹಾ ಕುಡಿಯಲು ಹೊರಗೆ ಬಂದ ಡಾಕ್ಟರು ಈ ಮೆರವಣಿಗೆ ನೋಡಿ, "ಏನಯ್ಯಾ ಇದು?" ಅಂದರು.

"ಸಾಹೇಬ್, ಇವರನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯುತ್ತಿಲ್ಲ."

"ನಿಲ್ಲಿಸುವುದು ಯಾಕೆ? ಒಳಗೆ ಕೂಡಿಸು," ಅಂದವರೇ ಚಹಾ ಬಿಟ್ಟು ಒಳಗೆ ಬಂದು, ಕುರ್ಚಿ ತೋರಿಸಿ, ಏನು ತೊಂದರೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ಅಕ್ಕ ಕುರ್ಚಿಗೆ ಒರಗಿ ಆಕಳಿಸಿದಳು. "ನಿದ್ದಿ ಬರೂದಿಲ್ಲಂತ ಬಂದಿದ್ನಿರಿ. ನಿಮ್ಮ ಪ್ಯೂನ್ ಮುಂಜಾನಿಂದ ಹಿಂದ ಮುಂದ ನಡಿಸಿ ನಡಿಸಿ, ಈಗ ಕುಂತಲ್ಲೇ ಕಣ್ಣು ಮುಚ್ಚಾಕತ್ತಾವು."

೨. ದುಭಾಷಿ

ನಿದ್ದೆ ಬಾರದ್ದಕ್ಕೆ ಕಾರಣ ಆಮೇಲೆ ಹೊರಬಂತು. ಮಗಳಂತೆ ಸಾಕಿದ್ದ ಗುರು ತೀರಿಕೊಂಡಿದ್ದರು. ಮನೆ ಬಿಟ್ಟ ದಿನದ ದುಃಖವೂ ಅದರ ಜೊತೆ ಮತ್ತೆ ಎದ್ದಿತ್ತು. ತಾಯಿ ಕರೆದ ಹಾಗಾಗುತ್ತದೆ. ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬರುವಾಗ, ಒಂದು ಹೆಜ್ಜೆ ಮುಂದಿಟ್ಟರೆ ಎಲ್ಲ ಮುಗಿಯಿತಲ್ಲ ಅನ್ನಿಸುತ್ತದೆ. ಇದನ್ನೆಲ್ಲ ಹೇಳುತ್ತ ಆಕೆ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಇಪ್ಪತ್ತನಾಲ್ಕು ವರ್ಷ. ಇಂಥ ಮಾತು ಕೇಳಿಯೇ ಗೊತ್ತಿರಲಿಲ್ಲ. ಡಾಕ್ಟರ ಕಡೆ ತಿರುಗಿ, "ಸ್ವಲ್ಪ ಬೇಜಾರಂತೆ ಸರ್," ಅಂದೆ.

ಡಾಕ್ಟರು ಕನ್ನಡಕ ತೆಗೆದರು. "ಕಾಲು ಗಂಟೆ ಮಾತಾಡಿದಳು, ಅಷ್ಟೂ ಹೊತ್ತು ಅತ್ತಳು. ನೀನು ಹೇಳುವುದು ಇಷ್ಟೇನಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳ್ಳೆಯ ಬಂಬೈ ಹಿಂದಿಯಲ್ಲಿ ಡಾಕ್ಟರಿಗೆ ಮೊದಲಿನಿಂದ ಕೊನೆಯವರೆಗೆ ತಾನೇ ಎಲ್ಲ ಹೇಳಿದಳು, ರೈಲಿನ ಮಾತೂ ಬಿಡದೆ. ನನಗೆ ಸಿಟ್ಟು ಬಂತು.

"ಅಕ್ಕಾ, ಹಿಂದಿ ಇಷ್ಟು ಚಂದ ಬರ್ತಿದ್ರ ನನ್ನನ್ನ ಯಾಕ ಕೂಡಿಸಿದ್ರಿ?"

"ಹಿಂದ್ಯಾಗ ಹೇಳಾಕ ಬರ್ತೈತಿ ತಮ್ಮಾ. ಅಳಾಕ ಬರೂದಿಲ್ಲ."

ಅಂದಿನಿಂದ ಪ್ರತಿ ಗುರುವಾರ ಆಕೆ ನನ್ನೆದುರು ಕನ್ನಡದಲ್ಲಿ ಅಳುವಳು, ಡಾಕ್ಟರಿಗೆ ಹಿಂದಿಯಲ್ಲಿ ಹೇಳುವಳು. ದುಭಾಷಿಯಾದ ನನ್ನ ಪಾಲಿಗೆ ನೀರಿನ ಲೋಟ ಹಿಡಿದು ನಿಲ್ಲುವ ಕೆಲಸ ಉಳಿಯಿತು.

೩. ಚಪ್ಪಾಳೆ

ಹೊರಗಿನ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂರಲು ಮೊದಮೊದಲು ಯಾರೂ ಒಪ್ಪುತ್ತಿರಲಿಲ್ಲ. ಒಂದು ಗುರುವಾರ ಬೇರೆ ಜಾಗವಿಲ್ಲದೆ ಮುಂಬಯಿಯ ಫೋರ್ಟ್ ಕಡೆಯ ಆಫೀಸೊಂದರ ಕನ್ನಡದ ಗುಮಾಸ್ತ ಕೂತ. ಅವನಿಗೆ ಮೇಲಧಿಕಾರಿಯನ್ನು ಕಂಡರೆ ಕೈ ನಡುಕ, ಮಾತು ಹೊರಡುವುದಿಲ್ಲ. ತಂಗಿಯ ಮದುವೆಗೆ ರಜೆ ಕೇಳಲು ಒಂದು ತಿಂಗಳಿಂದ ಕ್ಯಾಬಿನ್ ಬಾಗಿಲಿನವರೆಗೆ ಹೋಗಿ ವಾಪಸಾಗುತ್ತಿದ್ದ.

ಅಕ್ಕ ಕೇಳಿಸಿಕೊಂಡು, "ನಾವೂ ಅಂಜವ್ರೇ. ಅದಕ್ಕೇ ಮೊದಲ ಚಪ್ಪಾಳಿ ಹೊಡಿತೀವಿ. ಸಪ್ಪಳ ಆತಂದ್ರ ಎದರಿನವ್ರು ಅಂಜತಾರ. ಅಷ್ಟರಾಗ ನಮ್ಮ ಅಂಜಿಕಿ ಹೋಗಿರತೈತಿ," ಅಂದಳು. ಅವನಿಗೂ ಕೈ ಅಗಲಿಸಿ ಹೊಡೆಯುವುದನ್ನು ಕಲಿಸಿದಳು.

ಮುಂದಿನ ವಾರ ಆ ಗುಮಾಸ್ತ ನಗುತ್ತ ಬಂದ. ಕ್ಯಾಬಿನ್ನಿಗೆ ಹೋಗಿ ಒಂದೇ ಒಂದು ಚಪ್ಪಾಳೆ ಹೊಡೆದನಂತೆ. ಎರಡು ದಿನ ರಜೆ ಕೇಳಲು ಹೋದವನಿಗೆ ಸಾಹೇಬರು ಕುರ್ಚಿಯಿಂದೆದ್ದು ಎರಡು ವಾರ ಕೊಟ್ಟರಂತೆ.

ಡಾಕ್ಟರು ಕೇಸ್ ಪೇಪರ್ ತಿರುವಿ ತಿರುವಿ ನೋಡಿ ನನ್ನನ್ನು ಕೇಳಿದರು: "ಬಹಳ ಸುಧಾರಿಸಿದ್ದಾನೆ. ಇವನಿಗೆ ನಾನು ಕೊಟ್ಟ ಔಷಧಿ ಯಾವುದು?"

೪. ಅಣ್ಣ

ನಾಲ್ಕು ತಿಂಗಳಾದ ಮೇಲೆ, ಡಾಕ್ಟರು ಹುರಿದುಂಬಿಸಿದ್ದಕ್ಕೆ, ಅಕ್ಕ ನನ್ನಿಂದ ಊರಿಗೊಂದು ಕಾಗದ ಬರೆಸಿದಳು. ಬದುಕಿದ್ದೇನೆ, ಹೀಗೆ ಇದ್ದೇನೆ, ಗುರುವಾರ ಇಂಥ ಆಸ್ಪತ್ರೆಗೆ ಹೋಗುತ್ತೇನೆ, ಇಷ್ಟೇ. ಉತ್ತರ ಬರಲಿಲ್ಲ, ಅಣ್ಣನೇ ಬಂದ. ಬಿಜಾಪುರದ ಕಾಳಿನ ವ್ಯಾಪಾರಿ, ದೊಡ್ಡ ಮೀಸೆ, ದೊಡ್ಡ ರುಮಾಲು. ತಂಗಿಯ ಕಡೆ ನೋಡಲೂ ಇಲ್ಲ. ಸೀದಾ ಒಳಗೆ ಬಂದು ಮೇಜು ಗುದ್ದಿದ.

"ಕರೆಂಟ್ ಕೊಡ್ತಾರಂತಲ್ರಿ ಇಲ್ಲಿ? ಕೊಡ್ರಿ. ಇವನ್ನ ಗಂಡಸನ್ನ ಮಾಡ್ರಿ. ಊರಿಗೆ ಕರಕೊಂಡು ಹೊಕ್ಕೀನಿ."

ನಾನು ಈ ಸಲ ಒಂದಕ್ಷರವನ್ನೂ ಬಿಡದೆ ಹಿಂದಿಯಲ್ಲಿ ಹೇಳಿದೆ.

"ಆಕೆಗೆ ಇದ್ದದ್ದು ಎರಡು ತೊಂದರೆ," ಅಂದರು ಡಾಕ್ಟರು. "ನಿದ್ದೆ ಇರಲಿಲ್ಲ, ಬದುಕಲು ಮನಸ್ಸಿರಲಿಲ್ಲ. ಎರಡೂ ಸುಧಾರಿಸಿವೆ. ಉಳಿದದ್ದು ರೋಗವಲ್ಲ. ಅದಕ್ಕೆ ನನ್ನ ಹತ್ತಿರ ಔಷಧಿಯೂ ಇಲ್ಲ."

"ನಿದ್ದಿ!" ಅಣ್ಣ ಕೂಗಿದ. "ಹನ್ನೆರಡು ವರ್ಷ ಆತು ನಾ ನೆಟ್ಟಗ ನಿದ್ದಿ ಮಾಡಿ! ಅವತ್ತ ಇವನ್ನ ಹೊಡದು, ಅರಬಿ ಗಂಟು ಕಟ್ಟಿಸಿ, ಹೊರಗ ದಬ್ಬಿ ಬಾಗಲಾ ಹಾಕಿದಾಂವ ನಾನು. ಈಗೂ ಕಣ್ಣು ಮುಚ್ಚಿದ್ರ ಬಾಗಲಾ ಬಡದ ಸಪ್ಪಳ ಕೇಳತೈತಿ." ಹೇಳುತ್ತ ಹೇಳುತ್ತ ರುಮಾಲು ಕೈಗೆ ಬಂತು, ಕಣ್ಣಿಗೆ ಹೋಯಿತು.

ಡಾಕ್ಟರು ಸದ್ದಿಲ್ಲದೆ ಹೊಸ ಕೇಸ್ ಪೇಪರ್ ನನ್ನ ಕಡೆ ತಳ್ಳಿದರು. "ಹೆಸರು, ವಯಸ್ಸು ಬರೆದುಕೋ."

ಅರ್ಧ ಗಂಟೆಯ ನಂತರ ಅಣ್ಣ ಕೈಯಲ್ಲಿ ಔಷಧಿ ಬಾಟಲಿ ಹಿಡಿದು ಹೊರಬಂದು, ಬೆಂಚಿನ ಮೇಲೆ ತಂಗಿಯ ಪಕ್ಕ ಕೂತ. ಆಕೆ ಮೆಲ್ಲಗೆ ಅವನ ಬೆನ್ನು ಸವರಿದಳು. "ಅಣ್ಣಾ, ಡಾಕ್ಟರ್ ಭಾಳ ಚಲೋ ಅದಾರ. ಎಲ್ಲಾ ಬಿಚ್ಚಿ ಹೇಳು. ಹಿಂದಿ ಮಾಡಿ ಹೇಳೂದನ್ನ ಆ ಗುಮಾಸ್ತನ ಮ್ಯಾಲ ಮಾತ್ರ ಬಿಡಬ್ಯಾಡ."

೫. ಅವ್ವ

ತಿಂಗಳು ಬಿಟ್ಟು ಅಣ್ಣ ಅವ್ವನನ್ನು ಕರೆತಂದ. ಹಿಂದಿನ ವಾರವೇ ಅಕ್ಕನಿಗೆ ಚಿಂತೆ ಶುರುವಾಗಿತ್ತು. "ಪ್ಯಾಂಟು ಶರ್ಟು ಹಾಕ್ಕೊಂಡು ಬರಲ್ಯಾ?" ಅಂತ ಕೇಳಿದ್ದಳು. "ನೀನು ಅವ್ವನಿಗೆ ಹೇಗೆ ಕಾಣಬೇಕು ಅಂತಿದ್ದೀಯೋ ಹಾಗೆ ಬಾ," ಅಂದಿದ್ದರು ಡಾಕ್ಟರು.

ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಹಣೆಗೆ ಕುಂಕುಮವಿಟ್ಟು ಬಂದಳು. ಅವ್ವನಿಗೆ ಕಣ್ಣು ಮಂಜು. ಕೋಲೂರಿಕೊಂಡು ಹತ್ತಿರ ಬಂದು, ಮುಖವನ್ನು ಕೈಯಿಂದ ಸವರಿದಳು. ಭುಜ ಸವರಿದಳು. ಕೈ ಸೆರಗಿಗೆ ಬಂದು ನಿಂತಿತು. ಸೆರಗನ್ನು ಹಿಡಿದು ಕಣ್ಣಿಗೆ ಹತ್ತಿರ ತಂದಳು. ನಾವೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತೆವು. ಪ್ಯೂನ್ ಕೂಡ.

"ಇದು ನನ್ನ ಸೀರಿ!"

ಅಕ್ಕ ತಲೆ ತಗ್ಗಿಸಿದಳು.

"ನಿಮ್ಮ ಅತ್ತೀನ ಕದ್ದಾಳಂತ ಇದರ ಸಲುವಾಗಿ ಊರ ಮಂದಿ ಮುಂದ ಜಗಳಾ ತಗದೀನಿ! ಹನ್ನೆರಡು ವರ್ಷ ಆಕಿ ಕೂಡ ಮಾತು ಬಿಟ್ಟೀನಿ!"

"ಹೋಗುವಾಗ ನಿನ್ನ ವಾಸನಿ ಬೇಕಾಗಿತ್ತವ್ವಾ."

ಅವ್ವನ ಕಣ್ಣಲ್ಲಿ ನೀರು ಇಳಿಯಿತು. ಮಗಳನ್ನು ಎದೆಗವಚಿಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಅವಳ ಬೆನ್ನಿಗೊಂದು ಗುದ್ದು ಹಾಕಿದಳು. "ವಾಸನಿ ಬೇಕಾಗಿದ್ರ ನಾ ಉಟ್ಟ ಹಳೀದು ಒಯ್ಯಬೇಕಿಲ್ಲ? ಪೆಟ್ಟಿಗ್ಯಾಗಿನ ಹೊಸಾದ ಬೇಕಾಗಿತ್ತೇನು?"

ಅಲ್ಲೇ ಬೆಂಚಿನ ಮೇಲೆ ಕೂತು, ಮಾತು ಬಿಟ್ಟಿದ್ದ ಆ ನಾದಿನಿಗೆ ಕಾಗದ ಬರಿ ಅಂದಳು ನನಗೆ. "ಸೀರಿ ಯಾರೂ ಕದ್ದಿಲ್ಲ, ನನ್ನ ಮಗಳ ಹತ್ರ ಐತಿ ಅಂತ ಬರಿ."

ನಾನು ಪೆನ್ನೆತ್ತಿದೆ. "ಮಗಳು ಅಂತನೇ ಬರೀಲೇನ್ರಿ?"

"ಮತ್ತೇನು? ನನ್ನ ಗಂಡಮಗಾ ಯಾವತ್ತರ ನನ್ನ ಸೀರಿ ಒಯ್ದಾನೇನು?" ಅಂದು ಕೋಲಿನಿಂದ ಅಣ್ಣನ ಕಡೆ ತೋರಿಸಿದಳು.

ಅವ್ವ ಧಾರಾವಿಯಲ್ಲಿ ಮಗಳ ಜೊತೆ ಉಳಿದಿದ್ದ ದಿನಗಳಲ್ಲೇ ಅತ್ತೆಯ ಉತ್ತರ ಆಸ್ಪತ್ರೆಯ ವಿಳಾಸಕ್ಕೆ ಬಂತು. ಬೆಂಚಿನ ಮೇಲೆ ಕೂತಿದ್ದ ತಾಯಿ ಮಗಳಿಗೆ ನಾನೇ ಗಟ್ಟಿಯಾಗಿ ಓದಿದೆ: "ಸೀರೆ ಸಿಕ್ಕಿದ್ದು ತಿಳಿದು ಸಂತೋಷವಾಯಿತು. ನಿಮ್ಮ ಮಗಳಿಗೆ ನನ್ನ ಆಶೀರ್ವಾದ. ಅದೇ ವರ್ಷ ನಮ್ಮ ಮನೆಯಿಂದ ಒಂದು ಜೊತೆ ಬೆಳ್ಳಿ ಗೆಜ್ಜೆ ಹೋಗಿವೆ. ಅವಳನ್ನೊಮ್ಮೆ ಕೇಳಿ ನೋಡಿರಿ."

ಅವ್ವ ನಿಧಾನವಾಗಿ ಮಗಳ ಕಡೆ ತಿರುಗಿದಳು. ಅಕ್ಕ ಮುಖದಲ್ಲಿ ಏನೂ ತೋರಗೊಡದೆ, ಮೆಲ್ಲಗೆ ಎರಡೂ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡಳು.

ಘಲ್ ಅಂತು.