ಬೀರಣ್ಣ ಕಾಕಾನ ತೊಗರಿಗೆ ನಮ್ಮ ಗಾಡಿಯ ಎಣ್ಣೆ

ಮೊದಲೇ ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ನೆಟ್ಟಗೆ ಹೊರಟ ಸಾಲು ಪುಟದ ಅಂಚಿಗೆ ಬರುವಷ್ಟರಲ್ಲಿ ಕರಜಗಿ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು ಬಿದ್ದಿರುತ್ತದೆ. ದೊಡ್ಡ ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ಪಿಯುಸಿ ಮೊದಲ ವರ್ಷದಲ್ಲಿ ಮೇಡಂ ಎದ್ದು ನಿಂತು ಪಾಠ ಓದು ಎಂದರು. ಎದ್ದು ನಿಂತೆ. ಬಾಯಿ ತೆರೆಯಲಿಲ್ಲ. ನಿಂತವಳು ಹಾಗೇ ಚೀಲ ತಗೊಂಡು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ಇಷ್ಟೇ ನನ್ನ ವಿದ್ಯಾಭ್ಯಾಸ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆದರೆ ಗಾಡಿಯ ಕೆಳಗೆ ಮಲಗಿದರೆ ನನಗೆ ನಾಚಿಕೆಯಾಗುವುದಿಲ್ಲ. ಅಲ್ಲಿ ಯಾರೂ ಓದಲು ಹೇಳುವುದಿಲ್ಲ. ಅಪ್ಪ ಗುರಣ್ಣನದು ಒಂದು ಹಳೆಯ ಬಿಳಿ ಕಾರು. ಕರಜಗಿಯಿಂದ ಅಫಜಲಪುರಕ್ಕೆ ಬಾಡಿಗೆ ಹೊಡೆಯುತ್ತಾನೆ. ಅದರ ಇಂಜಿನ್ ಎಣ್ಣೆಯನ್ನು ಅಪ್ಪನೇ ಬದಲಿಸುತ್ತಿದ್ದ. ಅದೊಂದು ಯುದ್ಧ! ಪಾನಾ ಹಾಕಿ ಕೆಳಗಿನ ಬೋಲ್ಟು ಬಿಚ್ಚಿದ ಕೂಡಲೇ ಬೋಲ್ಟು ಬೋಗುಣಿಗೆ, ಎಣ್ಣೆ ಅಪ್ಪನ ತೋಳಿಗೆ, ಬೈಗುಳ ಇಡೀ ಓಣಿಗೆ.

ಅದಕ್ಕೇ ನಾನು ಫೋನಿನಲ್ಲಿ ನೋಡಿ ಒಂದು ವಾಲ್ವ್ ತರಿಸಿದೆ. ಹಳೆಯ ಬೋಲ್ಟು ತೆಗೆದು ಅದೇ ತೂತಿಗೆ ಇದನ್ನು ತಿರುಗಿಸಿ ಕೂರಿಸಬೇಕು. ಮುಂದೆ ಪಾನಾ ಬೇಡ, ಬೈಗುಳ ಬೇಡ. ಒಂದು ಪುಟ್ಟ ಹಿಡಿಕೆ ಇದೆ, ತಿರುಗಿಸಿದರೆ ಎಣ್ಣೆ ತಾನಾಗಿ ಇಳಿಯುತ್ತದೆ. ಹಿತ್ತಾಳೆಯದು, ಬಂಗಾರದ ಹಾಗೆ ಹೊಳೆಯುತ್ತಿತ್ತು.

"ಗಾಡಿಗಿ ನಳ ಹಚ್ಚಾಕತ್ತೀಯೇನಬೇ?" ಎಂದಳು ಶರಣಬಸಮ್ಮ ಆಯಿ, ನನ್ನ ಅಪ್ಪನ ತಾಯಿ.

"ಹೌದು ಆಯಿ. ಇನ್ನ ಮ್ಯಾಲ ಒಂದು ಹನಿ ಎಣ್ಣಿ ನೆಲಕ್ಕ ಬೀಳಲ್ಲ ನೋಡು!"

ಜನ್ಮದಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅಪ್ಪ ಚಹಾದ ಬಸಿ ಕೆಳಗಿಟ್ಟು ನನ್ನನ್ನೇ ನೋಡಿದ.

"ಹಂಗಾರ ಕೇಳು ಮಧು. ಮಾಡಿ ತೋರ್ಸು. ರಾಜೇಸಾಬಗ ಗಾಡಿ ತೋರ್ಸೂಣು. ಅವ ಕೆಲಸ ಬರೋಬರಿ ಅದ ಅಂದ್ರ ನಾಳಿಯಿಂದನೇ ಅವನ ಗ್ಯಾರೇಜಿಗಿ ಕಲ್ಯಾಕ ಬಿಡ್ತೀನಿ."

ಎರಡು ವರ್ಷದಿಂದ ನಾನು ಮನಸ್ಸಿನಲ್ಲೇ ಕೇಳುತ್ತಿದ್ದದ್ದನ್ನು ಅಪ್ಪ ಬಾಯಿಬಿಟ್ಟು ಹೇಳಿಬಿಟ್ಟ! ಇನ್ನು ನನ್ನ ಎಚ್ಚರಿಕೆಯನ್ನು ಕೇಳಬೇಕೆ?

ಎಳ್ಳಮಾಸಿ ದಿನ ಬೆಳಿಗ್ಗೆ ಕೆಲಸ ಮುಗಿಸಿದೆ. ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದೆ. ವಾಷರ್ ಹಾಕಿದೆ, ಸರಿ. ವಾಲ್ವ್ ಬಿಗಿಮಾಡಿದೆ, ಸರಿ. ಹೊಸ ಎಣ್ಣೆ ಹಾಕಿದೆ, ಸರಿ. ಗಾಡಿಯೊಳಗೆ ಅಪ್ಪನ ಸೀಟಿನ ಮುಂದೆ ಒಂದು ಚೀಟಿಯನ್ನೂ ಅಂಟಿಸಿದೆ: "ಎಣ್ಣೆಯ ಕೆಂಪು ದೀಪ ಹತ್ತಿದರೆ ಗಾಡಿ ತಕ್ಷಣ ಬಂದ್ ಮಾಡಬೇಕು." ಹಿಡಿಕೆ ತಾನಾಗಿ ತಿರುಗಬಾರದೆಂದು ವಾಲ್ವಿನ ಜೊತೆ ಒಂದು ಲಾಕ್ ಬಂದಿತ್ತು. ಅಡಿಕೆ ಹೋಳಿನಷ್ಟು ಗಾತ್ರದ ಕಂದು ಪ್ಲಾಸ್ಟಿಕ್ಕು. ಒಂದು ದಿನ ಸೋರುವುದಿಲ್ಲವೇ ನೋಡಿ ಆಮೇಲೆ ಹಾಕೋಣ ಎಂದುಕೊಂಡೆ. ಅಷ್ಟು ಚಿಕ್ಕ ಸಾಮಾನು ಕಳೆದುಹೋದರೆ? ನಮ್ಮ ಮನೆಯಲ್ಲಿ ಎಂದೂ ಏನೂ ಕಳೆಯದ ಜಾಗ ಒಂದೇ, ಆಯಿಯ ಎಲೆಯಡಿಕೆ ಚಂಚಿ. ಅವಳು ಸ್ನಾನಕ್ಕೆ ಹೋದಾಗ ಅದರೊಳಗಿಟ್ಟು ನೋಟ್‌ಬುಕ್ಕಿನಲ್ಲಿ ಬರೆದೆ: "ಲಾಕ್, ಆಯಿಯ ಚಂಚಿಯಲ್ಲಿ. ಭದ್ರ."

ಸ್ನಾನ ಮುಗಿಸಿ ಬಂದ ಆಯಿ ಗಾಡಿಗೆ ಪೂಜೆ ಮಾಡಿದಳು. ಅಮಾಸಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಮುಂದಿನ ಬಂಪರಿಗೆ ಕಟ್ಟುವುದು ವಾಡಿಕೆ. ಈ ಸಲ ಅವಳಿಗೆ ಬಂಪರು ಹಿಡಿಸಲಿಲ್ಲ.

"ಹೊಸಾ ಸಾಮಾನ ಬಂಗಾರದಂಗ ಹೊಳಿತದ, ಮೊದಲ ಅದಕ ದೃಷ್ಟಿ ತಾಕ್ತದ. ನನ್ನ ಸೊಂಟ ಬಗ್ಗಲ್ಲ. ನೀನೇ ಕೆಳಗ ಹೋಗಿ ನಳಕ್ಕ ಕಟ್ಟವ್ವ."

ಬೇಡ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಕೆಳಗೆ ತೂರಿ, ಆ ಹಿಡಿಕೆಗೆ, ನನ್ನ ಕೈಯಾರೆ, ಐದು ಗಂಟು ಹಾಕಿ ಕಟ್ಟಿದೆ. ಬಿಚ್ಚಬಾರದೆಂದು ಎರಡು ಸಲ ಎಳೆದೂ ನೋಡಿದೆ!

ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ. ಇನ್ನು ಲಾಕ್ ಹಾಕುವುದಷ್ಟೇ ಬಾಕಿ. ಆದರೆ ಅಫಜಲಪುರದ ಕಣ್ಣಿನ ಡಾಕ್ಟರಿಗೆ ತೋರಿಸಲು ಆಯಿ ಆಗಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಚಂಚಿ ಅವಳ ಸೊಂಟದಲ್ಲಿತ್ತು. ಅಪ್ಪ ಹಾರ್ನು ಹೊಡೆಯುತ್ತಿದ್ದ. ಕೇಳಲು ಸಂಕೋಚವಾಯಿತು. ಅರ್ಧ ತಾಸಿನ ದಾರಿ, ಅಲ್ಲಿ ರಾಜೇಸಾಬ ಚಾಚಾನ ಗ್ಯಾರೇಜಿನಲ್ಲೇ ಹಾಕಿದರಾಯಿತು ಎಂದುಕೊಂಡು ಹಿಂದೆ ಕುಳಿತೆ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಈ ದಿನಗಳಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕೊಯ್ದ ತೊಗರಿಯನ್ನು ಗಿಡದ ಸಮೇತ ರಸ್ತೆಗೆ ಹಾಸಿಬಿಟ್ಟರೆ ಬಸ್ಸು, ಲಾರಿ, ಕಾರು ತುಳಿದು ಕಾಳು ಬಿಡಿಸಿ ರಾಶಿ ಮಾಡಿಕೊಡುತ್ತವೆ. ಅಂದು ನಮ್ಮೂರಿನ ಬೀರಣ್ಣ ಕಾಕಾ ಮೊಣಕಾಲೆತ್ತರಕ್ಕೆ ಹಾಸಿದ್ದ. ಗಾಡಿ ಅದರ ಮೇಲೇರಿ ಆ ತುದಿಯವರೆಗೆ ಹೋಯಿತು. ಕೆಳಗೆ ಏನೋ ಕಟ್ ಎಂದಿತು. ಕಟ್ಟಿಗೆ ಮುರಿದದ್ದು ಎಂದುಕೊಂಡೆ.

ಕಾಕಾ ಕೈ ಅಡ್ಡ ಹಿಡಿದ. "ಗುರಣ್ಣ, ನಿನ್ನ ಗಾಡಿ ಭಾಳ ಛಲೋ ತುಳಿತದಲೇ! ಇನ್ನೊಂದು ಸುತ್ತ ಹೊಡಿಯಪ್ಪ, ಪುಣ್ಯಾ ಬರ್ತದ!"

ಅಪ್ಪನಿಗೆ ಹೊಗಳಿದರೆ ಮುಗಿಯಿತು. ಹಿಂದಕ್ಕೆ ತಂದ. ಮುಂದಕ್ಕೆ ಒಯ್ದ. ಮತ್ತೆ ಹಿಂದಕ್ಕೆ.

"ಎಡಕ್ಕ ಸ್ವಲ್ಪ ಉಳದದ ನೋಡು!"

ಎಡಕ್ಕೂ ಹೊಡೆದ. ಒಂದು ಮೂಲೆಯನ್ನೂ ಬಿಡಲಿಲ್ಲ. ಕಾಕಾ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಾ, "ಏನ ಮಿಂಚಾಕತ್ತದಪ್ಪ ಈ ವರ್ಷದ ತೊಗರಿ!" ಎಂದ.

ತೊಗರಿ ಅಷ್ಟು ಮಿಂಚುವುದಿಲ್ಲ. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ಅಪ್ಪ ತಕ್ಷಣ ಗಾಡಿ ಬಂದ್ ಮಾಡಿದ.

ಇಳಿದು ಬಗ್ಗಿ ನೋಡಿದೆ. ನಿಂಬೆಹಣ್ಣಿನ ದಾರಕ್ಕೆ ತೊಗರಿ ಕಟ್ಟಿಗೆ ಸಿಕ್ಕಿಕೊಂಡು ಹಿಡಿಕೆಯನ್ನು ಪೂರ್ತಿ ತಿರುಗಿಸಿಬಿಟ್ಟಿತ್ತು. ನನ್ನ ಐದು ಗಂಟುಗಳಲ್ಲಿ ಒಂದೂ ಬಿಚ್ಚಿರಲಿಲ್ಲ! ನಿನ್ನೆ ಹಾಕಿದ ಹೊಸ ಎಣ್ಣೆಯ ಕೊನೆಯ ಹನಿಗಳು ಜೇನಿನಂತೆ ಇಳಿಯುತ್ತಿದ್ದವು. ಉಳಿದದ್ದೆಲ್ಲ ಕಾಕಾನ ತೊಗರಿಗೆ ಹದವಾಗಿ ಹತ್ತಿತ್ತು.

ಕಾಕಾ ಒಂದು ಹಿಡಿ ಕಾಳು ಎತ್ತಿ ಮೂಸಿದ. ಅವನ ಮುಖ ಸಣ್ಣದಾಯಿತು. "ಬೇಳಿ ಒಡಿಯೂಕ ಮುಂಚೆ ತೊಗರಿಗಿ ಎಣ್ಣಿ ಹಚ್ಚತಾರ ಖರೇ," ಎಂದ ಮೆಲ್ಲಗೆ, "ಆದ್ರ ಗಾಡಿ ಎಣ್ಣಿ ಹಚ್ಚಲ್ಲ ಗುರಣ್ಣ."

ಅಪ್ಪ ಫೋನು ಮಾಡಿದ. ಮುಕ್ಕಾಲು ತಾಸಿನಲ್ಲಿ ರಾಜೇಸಾಬ ಚಾಚಾ ಎಣ್ಣೆ ಡಬ್ಬಿ ಕಟ್ಟಿಕೊಂಡು ಬೈಕಿನಲ್ಲಿ ಬಂದ. ಯಾವ ಕಣ್ಣಿಗೆ ನನ್ನ ಕೆಲಸ ತೋರಿಸಬೇಕೆಂದು ಹೊರಟಿದ್ದೆನೋ ಆ ಕಣ್ಣೇ ಗಾಡಿಯ ಕೆಳಗೆ ಹೋಯಿತು.

"ಇಂಜಿನ್ ಉಳದದ ಗುರಣ್ಣ. ಲಗೂ ಬಂದ್ ಮಾಡಿದಿ, ಶಾಣ್ಯಾ. ಮುಂದ ಅಂಟಿಸಿದ ಚೀಟಿ ನೋಡಿ ಮಾಡಿದೇನು?"

"ಆಕಿ ಅಕ್ಷರ ಯಾರಿಗಿ ತಿಳಿತಾವ? ಕೆಂಪ ದೀಪಾ ನೋಡಿ ಹೆದರಿ ಬಂದ್ ಮಾಡ್ದೆ."

ಚಾಚಾ ದಾರ ಕತ್ತರಿಸಿ ನಿಂಬೆಹಣ್ಣು ಎತ್ತಿ ಹಿಡಿದ. "ಇದನ್ನ ಯಾರ ಕಟ್ಟ್ಯಾರ?"

ನಾನು ನೆಲ ನೋಡಿದೆ. ಆಯಿ ನನ್ನನ್ನು ನೋಡಿದಳು. ಆಮೇಲೆ ಅವಳೇ ಹೇಳಿದಳು, "ನಂದೇ ತಪ್ಪಪ್ಪ. ಛಲೋ ಆಗ್ಲಿ ಅಂತ ಕಟ್ಟಿದ್ದೆ."

"ನಿಂಗ ಯಾರ ಹೇಳಿದ್ರಬೇ ಯವ್ವಾ!" ಎಂದು ಅಪ್ಪ ಕೂಗಿದ. "ಆಕಿ ಅಷ್ಟ ಕಷ್ಟಪಟ್ಟು ಮಾಡಿದ ಕೆಲಸ ಮಣ್ಣುಗೂಡಿಸಿದಿ!"

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಇನ್ನೂ ನೆಲವನ್ನೇ ನೋಡುತ್ತಿದ್ದೆ.

"ಬೇಟಿ," ಎಂದ ಚಾಚಾ, "ಈ ವಾಲ್ವಿಗಿ ಒಂದು ಲಾಕ್ ಇರ್ತದ. ಅದು ಹಾಕಿದ್ರ ಹತ್ತು ನಿಂಬಿಕಾಯಿ ಕಟ್ಟಿದ್ರೂ ತಿರಗಲ್ಲ. ಬಂದಿರಲಿಲ್ಲೇನು?"

"ಬಂದಿರಲಿಲ್ಲರಿ," ಎಂದೆ.

ಕಾಲೇಜಿನಲ್ಲಿ ಬರದ ಮಾತು ಎಷ್ಟು ಸಲೀಸಾಗಿ ಬಂತು! ಚಾಚಾ ತಲೆಯಾಡಿಸಿದ. "ಹಂಗಾರ ಪೋರಿದು ತಪ್ಪಿಲ್ಲ. ಕಂಪನಿಯವರ ಮೋಸ." ಅಪ್ಪನ ಮುಖದಲ್ಲಿ ಸ್ವಲ್ಪ ಕಳೆ ಬಂತು. ಗ್ಯಾರೇಜು ಇನ್ನೂ ಕೈತಪ್ಪಿರಲಿಲ್ಲ.

ಆಯಿ ಮೂಗು ಒರೆಸಿಕೊಂಡು, ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಚಂಚಿ ಬಿಚ್ಚಿದಳು. ಎಲೆಗೆ ಸುಣ್ಣ ಸವರಿದಳು. ನೋಡದೆಯೇ ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿದಳು. ಒಂದು ಸಲ ಕಡಿದಳು. ಎರಡು ಸಲ ಕಡಿದಳು.

"ಥೂ! ಇದೆಂಥಾ ಅಡಕಿ ತಂದಿಯೋ ಗುರಣ್ಣ? ಒಡೆಯಾಕೂ ಒಲ್ದು, ಕರಗಾಕೂ ಒಲ್ದು!"

ಅಂಗೈಗೆ ಉಗುಳಿದಳು. ಚಾಚಾ ಬಗ್ಗಿ ಅದನ್ನು ಎರಡು ಬೆರಳಲ್ಲಿ ಎತ್ತಿದ. ಅಂಗಿಗೆ ಒರೆಸಿದ. ಗಾಡಿಯ ಕೆಳಗೆ ತೂರಿ, ವಾಲ್ವಿನ ಹಿಡಿಕೆ ಮುಚ್ಚಿ ಅದನ್ನು ಒತ್ತಿದ. ಟಕ್ ಎಂದು ಕುಳಿತಿತು. ಆಯಿಯ ಹಲ್ಲಿನ ಗುರುತು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಕಾಕಾ, ಚಾಚಾ, ಅಪ್ಪ ಮೂವರೂ ನನ್ನನ್ನೇ ನೋಡುತ್ತಿದ್ದರು.

"ಗಂಟೂ ನಾನೇ ಹಾಕೀನ್ರಿ," ಎಂದೆ. "ಐದು. ಲಾಕೂ ನಾನೇ ಇಟ್ಟೀನಿ. ನೋಟ್‌ಬುಕ್ಕಿನ್ಯಾಗ ಬರದೀನಿ."

ಬೈದಿದ್ದರೆ ಚೆನ್ನಾಗಿತ್ತು. ಆಯಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅದರಿಂದ ಇನ್ನೂ ಅಳು ಬಂತು. ಚಾಚಾ ಹೊಸ ಎಣ್ಣೆ ಸುರಿಯುತ್ತಾ ನನ್ನ ಕಡೆ ನೋಡದೆ ಹೇಳಿದ, "ಕೈ ಛಲೋ ಅದ ಬೇಟಿ. ಗಂಟು ಭಾರಿ ಬಿಗಿ ಇದ್ವು. ಗ್ಯಾರೇಜಿನ್ಯಾಗ ಕೈ ತಪ್ಪತದ, ನಂದೂ ತಪ್ಪತದ. ನಾಲಿಗಿ ತಪ್ಪಬಾರದು."

ಅಪ್ಪ ಎಣ್ಣೆ ಹತ್ತಿ ಹೊಳೆಯುವ ತೊಗರಿಯ ಸುತ್ತ ಒಂದು ಸಲ ನಡೆದು ಬಂದ. ಗಾಡಿಯ ಕೆಳಗೆ ಬಗ್ಗಿ, ತೊಗರಿ ಸರಿಸಿ, ಡಾಂಬರಿನ ಮೇಲೆ ಬೆರಳಾಡಿಸಿ ನೋಡಿದ. ಬೆರಳಿಗೆ ಎಣ್ಣೆ ಹತ್ತಲಿಲ್ಲ.

"ಒಂದು ಹನಿ ನೆಲಕ್ಕ ಬೀಳಲ್ಲ ಅಂದಿದ್ದಿ," ಎಂದ. "ಬಿದ್ದಿಲ್ಲ ನೋಡು."

ನಾಳೆ ಬೆಳಿಗ್ಗೆ ಬೀರಣ್ಣ ಕಾಕಾನ ಹೊಲಕ್ಕೆ ಹೋಗಿ ಎಣ್ಣೆ ಹತ್ತಿದ ಕಾಳನ್ನೂ ಹತ್ತದ ಕಾಳನ್ನೂ ಬೇರೆ ಮಾಡುತ್ತೇನೆ. ಎಷ್ಟು ದಿನವಾದರೂ ಸರಿ. ಅದು ಮುಗಿದ ಮೇಲೆ ಅಫಜಲಪುರಕ್ಕೆ ಹೋಗಿ, ಗ್ಯಾರೇಜಿಗೆ ಬರಲೇನ್ರಿ ಎಂದು ರಾಜೇಸಾಬ ಚಾಚಾನನ್ನು ಬಾಯಿಬಿಟ್ಟು ಕೇಳುತ್ತೇನೆ.